ಸೋರುವ ಮೂತಿಯ ಜಗ್ಗು

ಪಿಂಗಾಣಿ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮೂತಿಯಕ್ಕ ಎನ್ನುತ್ತಿದ್ದರು. ಸದಾ ಮುಖ ಊದಿಸಿಕೊಂಡಿರುತ್ತಾಳೆಂದಲ್ಲ. ಕೆನೆ ಬಡಿಸುವ ಪುಟ್ಟ ಜಗ್ಗುಗಳಿಗೆ ಮೂತಿ ತಿದ್ದುವುದು ಅವಳ ಕೆಲಸ. ಹಿಂದೆ ಅಲ್ಲಿ ಹಸುವಿನ ಆಕಾರದ ಜಗ್ಗು ಮಾಡುತ್ತಿದ್ದರು: ಬೆನ್ನಿನ ತೂತಿನಿಂದ ತುಂಬಿಸಿ, ಬಾಲ ಹಿಡಿದು, ಬಾಯಿಂದ ಸುರಿಯುವುದು. ನೋಡಲು ಚೆಂದ, ತೊಳೆಯಲು ಒಳಗೆ ಕೈ ಹೋಗದೆ ಹುಳಿ ನಾತ. ಮೂತಿಯಕ್ಕ ಅದನ್ನು ಬಿಟ್ಟು ಬಾಯಗಲದ ಕುಳ್ಳ ಜಗ್ಗು ಮಾಡಿದಳು. ತುಟಿಯಂಚನ್ನು ಎಷ್ಟು ತೆಳುವಾಗಿಸಿದ್ದಳೆಂದರೆ, ಗಟ್ಟಿ ಕೆನೆಯೂ ತೊಟ್ಟಿಕ್ಕದೆ ಅಲ್ಲಿಗೇ ಕಡಿದು ನಿಲ್ಲುತ್ತಿತ್ತು.

ಕಾರ್ಖಾನೆ ಅವಳ ಸ್ವಂತ ಅಕ್ಕನ ಗಂಡನದು. ಆ ಭಾವ ಜಗ್ಗನ್ನು ತನ್ನದೆಂದು ಪ್ರದರ್ಶನಕ್ಕೆ ಒಯ್ದು ಪದಕ ಹಾಕಿಸಿಕೊಂಡು ಬಂದ. ಇವಳು ಕೇಳಿದ್ದಕ್ಕೆ ಕೆಲಸಗಾರರೆದುರೇ ನಕ್ಕ: "ಮಣ್ಣು ನಂದು, ಭಟ್ಟಿ ನಂದು. ನಿಂದೇನಿದೆ ಇಲ್ಲಿ?"

ಅಲ್ಲೇ ಇದ್ದ ಅಕ್ಕ ತಲೆ ತಗ್ಗಿಸಿದಳು. ಮೂತಿಯಕ್ಕ ಹಲ್ಲು ಕಚ್ಚಿಕೊಂಡಳು.

ದೊಡ್ಡ ಹೋಟೆಲೊಂದು ಹೊಸ ಮಾದರಿ ಕೇಳಿದಾಗ ಅವಳ ಕಾಲ ಬಂತು. ಹಂಸದ ಕತ್ತಿನಂತೆ ಬಳುಕುವ ಜಗ್ಗೊಂದನ್ನು ಮಾಡಿ, ತುಟಿಯಂಚನ್ನು ಬೇಕೆಂದೇ ದಪ್ಪಗೆ, ದುಂಡಗೆ ಬಿಟ್ಟು, ಭಾವನ ಕಣ್ಣಿಗೆ ಬೀಳುವ ಕಡೆ ಇಟ್ಟಳು. ಆತ ಒಮ್ಮೆ ಸುರಿದು ನೋಡುವ ತಾಳ್ಮೆಯೂ ಇಲ್ಲದೆ ಅಚ್ಚು ಮಾಡಿಸಿದ.

ಆ ಜಗ್ಗುಗಳನ್ನು ಮೊದಲ ಸಲ ಬಳಸುವ ಹೋಟೆಲಿನ ಮಧ್ಯಾಹ್ನದ ಔತಣಕ್ಕೆ ಭಾವನ ಮನೆಮಂದಿಯೆಂದು ಅವಳಿಗೂ ಕರೆ ಇತ್ತು. "ಇದರ ಒಂದೊಂದು ಗೆರೆಯೂ ನನ್ನದೇ," ಎಂದು ಭಾವ ಭಾಷಣ ಬಿಗಿದ. ಚಪ್ಪಾಳೆಯಾಯಿತು. ಜಗ್ಗುಗಳು ಬಾಗಿದವು. ಕೆನೆ ಹಂಸದ ಕತ್ತಿನಗುಂಟ ಇಳಿದು ಮೇಜುಬಟ್ಟೆ, ಅಂಗಿಯ ತೋಳು, ಹೋಟೆಲ್ ಯಜಮಾನಿಯ ಕಪ್ಪು ರೇಷ್ಮೆ, ಎಲ್ಲೆಂದರಲ್ಲಿ ಸುರಿಯಿತು.

"ಯಾರ್ರೀ ಇದನ್ನ ಮಾಡಿದ್ದು?" ಯಜಮಾನಿ ಗುಡುಗಿದಳು.

ಎಲ್ಲರೂ ಭಾವನತ್ತ ತಿರುಗಿದರು. ಮೂತಿಯಕ್ಕ ಮಾತ್ರ ಅಂದು ಹೊಟ್ಟೆ ತುಂಬ ಉಂಡಳು.

ಮರುದಿನ ಭಾವ ಅವಳ ಬಾಗಿಲಲ್ಲಿ. "ಹೇಗಾದ್ರೂ ಸರಿಮಾಡಮ್ಮ. ಮಾನ ಹೋಗ್ತಿದೆ."

"ನಿಮ್ಮ ಜಗ್ಗಿಗೆ ನಾನು ಹೇಗೆ ಕೈ ಹಾಕ್ಲಿ, ಭಾವ?"

ಸರಕೆಲ್ಲ ವಾಪಸು ಬಂತು. ಜಗ್ಗಿನ ವಿಭಾಗಕ್ಕೆ ಬೀಗ ಬಿತ್ತು. ಆಮೇಲೆ ಅಕ್ಕ ಬಂದಳು. "ಸೋರತ್ತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅಕ್ಕ ಮತ್ತೆ ಅವಳ ಹೊಸಿಲು ತುಳಿಯಲಿಲ್ಲ. ಅದೊಂದು ಅವಳಿಗೆ ಈಗಲೂ ಚುಚ್ಚುತ್ತದೆ. ಆದರೆ ತನ್ನದೇ ಪುಟ್ಟ ಶೆಡ್ಡಿನಲ್ಲಿ ಜಗ್ಗಿನ ತಳಕ್ಕೆ ಹೆಸರು ಕೊರೆಯುತ್ತಾ, ಪಶ್ಚಾತ್ತಾಪವಾಗಲ್ವಾ ಎಂದು ಕೇಳಿದವರಿಗೆ ಹೇಳುತ್ತಾಳೆ: "ಇನ್ನೂ ಸ್ವಲ್ಪ ಜಾಸ್ತಿ ಸೋರೋ ಹಾಗೆ ಮಾಡ್ಬೇಕಿತ್ತು."