ಅಮ್ಮ ಉಜ್ಜಿದ ನಾಣ್ಯ

ಅಮ್ಮನ ಜೊತೆ ಮಣಿಪಾಲದ ನಾಣ್ಯ ಪ್ರದರ್ಶನಕ್ಕೆ ಹೋಗಿದ್ದೆ. ಅಲ್ಲಿ ಸಂಗ್ರಹಕಾರರಿಗೆಂದೇ ವಿಶೇಷವಾಗಿ ಟಂಕಿಸುವ ಒಂದು ಪ್ರೂಫ್ ನಾಣ್ಯ ಇತ್ತು. ಸುತ್ತ ಕನ್ನಡಿಯ ಹೊಳಪು, ನಡುವಿನ ಚಿತ್ರ ಮಾತ್ರ ಮಂಜು ಕಟ್ಟಿದಂತೆ ಬಿಳಿ.

ಅಂಥದ್ದೇ ಒಂದನ್ನು ಅಪ್ಪ ದುಬೈಯಿಂದ ಕೆಮ್ಮಣ್ಣು ಊರಿನ ನಮ್ಮ ಮನೆಗೆ ತಂದಿದ್ದರು. ದೀಪ, ಚೊಂಬುಗಳನ್ನೆಲ್ಲ ಫಳಫಳ ಬೆಳಗುತ್ತಿದ್ದ ಅಮ್ಮ ಆ ಬಿಳುಪನ್ನು ಕೊಳೆ ಅಂದುಕೊಂಡು ಹುಣಸೆಹುಳಿ, ಬೂದಿ ಹಾಕಿ ಉಜ್ಜಿದರು. ಅಪ್ಪನಿಗೆ ಖುಷಿಯಾಗಲೆಂದು ಊಟದ ಹೊತ್ತಿಗೆ ಎದುರಿಗಿಟ್ಟರು.

ಗೀರು ಬಿದ್ದ ನಾಣ್ಯ ನೋಡಿ ಅಪ್ಪ, "ನಿನಗೆ ಎಂತ ಗೊತ್ತುಂಟು?" ಎಂದು ಬಟ್ಟಲು ಸರಿಸಿ ಎದ್ದರು. ಆಮೇಲೆ ಕೊನೆಯವರೆಗೂ ತಮ್ಮ ಕಪಾಟಿನ ಕೀಲಿಕೈಯನ್ನು ಅಮ್ಮನಿಗೆ ಕೊಡಲಿಲ್ಲ.

ಇಂದು ಪ್ರದರ್ಶನದಲ್ಲಿ ನಾಣ್ಯ ಮಾರುವ ಹುಡುಗಿ, "ಈ ಬಿಳುಪನ್ನು ಬೇಕೆಂದೇ ಮಾಡುವುದು ಅಮ್ಮಾ, ಬೆರಳು ತಾಗಿದರೂ ಹಾಳಾಗ್ತದೆ" ಎಂದು ಸಮಾಧಾನದಿಂದ ಹೇಳಿದಳು. ಅಮ್ಮ ನನ್ನತ್ತ ತಿರುಗಿದರು.

"ಇಷ್ಟು ಹೇಳಲಿಕ್ಕೆ ನಿನ್ನ ಅಪ್ಪನಿಗೆ ಎಂತ ಕಷ್ಟ ಇತ್ತು?"