ಕ್ಷೌರಿಕನ ಬೈತಲೆ

ಓಣಿಯ ಮೂಲೆಯ ಕ್ಷೌರಿಕನ ಬಳಿ ಎಲ್ಲರ ನೋವಿಗೂ ಒಂದೇ ಮದ್ದು: ಕತ್ತು ಹಿಡಿದು ಲಟಕ್ಕನೆ ತಿರುಗಿಸುವುದು. ಜೊತೆಗೆ ಪುಕ್ಕಟೆ ಉಪದೇಶ. ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬಗ್ಗಿ ಕತ್ತು ಕೆಡಿಸಿಕೊಂಡ ಟೈಲರ್ ಬರಲಿ, ಸೊಂಟ ಹಿಡಿದ ಬಸ್ ಡ್ರೈವರ್ ಬರಲಿ, ದಿನವಿಡೀ ನಿಂತು ಹಿಮ್ಮಡಿ ನೋಯುವ ಮೇಷ್ಟ್ರು ಬರಲಿ, "ಇದು ನೋವಲ್ಲ ಸ್ವಾಮಿ, ಸೋಮಾರಿತನ," ಎನ್ನುತ್ತಿದ್ದ. ಎಲುಬಿಲ್ಲದ ನಾಲಿಗೆಗೆ ಕೀಲುನೋವಿನ ಭಯವೆಲ್ಲಿ?

ಭುಜಕ್ಕೆ ಎಲುಬಿತ್ತು. ವರ್ಷಗಟ್ಟಲೆ ಮಂದಿಯ ತಲೆಯ ಮೇಲೆ ಕೈ ಎತ್ತಿ ಹಿಡಿದು ಅವನ ಬಲಭುಜ ಬಿಗಿದುಹೋಗಿತ್ತು. ಕೈ ಎದೆಮಟ್ಟ ದಾಟಿದರೆ ಕಣ್ಣಲ್ಲಿ ನೀರು. ಹೇಳುವಂತಿಲ್ಲ. ಕೈ ಹಿಡಿತದಲ್ಲಿಲ್ಲದವನ ಕತ್ತಿಗೆ ಯಾರು ಕುತ್ತಿಗೆ ಕೊಟ್ಟಾರು? ಅಂಗಡಿಗೆ ಬೀಗವೇ ಗತಿ. ಹಾಗಾಗಿ ಕುರ್ಚಿಯ ಕಾಲು ಕೊಯ್ಯಿಸಿ ಗಿಡ್ಡ ಮಾಡಿದ. ಎತ್ತರದವರಿಗೆ, "ಸ್ವಲ್ಪ ಜಾರಿ ಕೂತ್ಕೊಳ್ಳಿ, ಆರಾಮಾಗಿರುತ್ತೆ," ಎಂದ. ಜಾರಿ ಕೂತವರ ಕತ್ತು ಹಿಡಿಯುತ್ತಿತ್ತು. ಬಿಡಿಸಿಕೊಳ್ಳಲು ಮತ್ತೆ ಅವನ ಬಳಿಗೇ ಬರುತ್ತಿದ್ದರು. ಮಗು ಚಿವುಟಿ ತೊಟ್ಟಿಲು ತೂಗುವುದು ಅಂದರೆ ಇದೇ. ಕೈಗುಣ ಒಳ್ಳೆಯದು ಎಂಬ ಹೆಸರು ಬೇರೆ!

ಗುಟ್ಟು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ದಿನಾ ಬೆಳಿಗ್ಗೆ ಅಂಗಿ ತೊಡಿಸಿ ತಲೆ ಬಾಚಿ ಕಳಿಸುತ್ತಿದ್ದವಳು ಅವಳೇ. ಆಮೇಲೆ ಹಗಲೆಲ್ಲ ಬೀದಿಯವರ ಬಟ್ಟೆಗೆ ಇಸ್ತ್ರಿ. ಮಣಿಕಟ್ಟು ನೋಯುತ್ತೆ ಎಂದಾಗಲೆಲ್ಲ ಅವಳಿಗೂ ಅದೇ ಮಂತ್ರ: "ನೋವಲ್ಲ ಕಣೇ, ಸೋಮಾರಿತನ." ಇಂಥವನ ತಲೆ ಅವಳು ಬಾಚಿದ್ದೇ ಹೆಚ್ಚು.

ಒಂದು ಬೆಳಿಗ್ಗೆ ಅವಳ ಮಣಿಕಟ್ಟು ಊದಿ, ಬಾಚಣಿಗೆ ಹಿಡಿಯಲಾಗಲಿಲ್ಲ. ಅವನು ಗೊಣಗುತ್ತ ಎಡಗೈಯಲ್ಲೇ ಬಾಚಿಕೊಂಡು ಹೋದ. ಅಂಗಡಿಯಲ್ಲಿ ಟೈಲರ್‌ನ ಒಂದು ಕೆನ್ನೆ ಬೋಳಿಸಿ ಮುಗಿದಿತ್ತು. ಟೈಲರ್ ಕನ್ನಡಿ ನೋಡಿ ನಕ್ಕ.

"ಏನಪ್ಪಾ, ನಿನ್ನ ಬೈತಲೆ ಹಾವು ಹರಿದ ಹಾಗಿದೆ! ಮೊದಲು ಅದನ್ನ ಸರಿ ಮಾಡ್ಕೋ."

ಕಾಯುತ್ತ ಕೂತಿದ್ದ ಡ್ರೈವರ್ ಕೂಡ ನಕ್ಕ. ಅವಮಾನದಲ್ಲಿ ಕ್ಷೌರಿಕ ಕತ್ತಿ ಕೆಳಗಿಟ್ಟು, ಮೈಮರೆತು ಬಲಗೈಯಲ್ಲಿ ಬಾಚಣಿಗೆ ಎತ್ತಿದ. ಕೈ ಎದೆಯವರೆಗೆ ಬಂದು ನಿಂತಿತು. ಇನ್ನೊಮ್ಮೆ ಎತ್ತಿದ. ಕೈ ಗಡಗಡ ನಡುಗಿ ಬಾಚಣಿಗೆ ನೆಲಕ್ಕೆ ಬಿತ್ತು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡ.

ಟೈಲರ್ ಆ ಕೈ ನೋಡಿದ, ಕತ್ತಿ ನೋಡಿದ, ತನ್ನ ಕುತ್ತಿಗೆ ಸವರಿಕೊಂಡ. "ಉಳಿದದ್ದು ನಾಳೆ ಮಾಡಿಸ್ತೀನಪ್ಪಾ," ಎಂದು ಇನ್ನೊಂದು ಕೆನ್ನೆಯ ಸೋಪಿನ ಸಮೇತ ಎದ್ದು ನಡೆದ. ಡ್ರೈವರ್‌ಗೂ ತಟ್ಟನೆ ಬಸ್ಸು ನೆನಪಾಯಿತು. ಮಧ್ಯಾಹ್ನದೊಳಗೆ ಸುದ್ದಿ ಬೀದಿಯೆಲ್ಲ ಹಬ್ಬಿ, ಗಿಡ್ಡ ಕುರ್ಚಿ ಖಾಲಿ ಉಳಿಯಿತು.

ಮನೆಗೆ ಬಂದಾಗ ಹೆಂಡತಿ ಬಲಗೈಗೆ ಬಟ್ಟೆ ಸುತ್ತಿಕೊಂಡು ಎಡಗೈಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅವನು ಹೊಸ್ತಿಲ ಮೇಲೆ ಕುಸಿದ.

"ಎಲ್ಲರಿಗೂ ಗೊತ್ತಾಯ್ತು ಕಣೇ. ಇನ್ನು ಯಾರೂ ಬರಲ್ಲ. ಭುಜ ಸಾಯೋ ಹಾಗೆ ನೋಯ್ತಿದೆ."

ಅವಳು ತಲೆ ಎತ್ತಲಿಲ್ಲ. "ನೋವಲ್ಲ ಅದು," ಎಂದಳು. ಮುಂದಿನದು ಅವನಿಗೆ ಬಾಯಿಪಾಠ. "ಎಡಗೈ ಆಡುತ್ತಲ್ಲ? ಎದ್ದು ಬನ್ನಿ, ಇದನ್ನ ಹಿಡ್ಕೊಳ್ಳಿ."

ಇಸ್ತ್ರಿಪೆಟ್ಟಿಗೆ ಅವನ ಕೈಗೆ ಬಂತು. ಎರಡನೇ ಅಂಗಿ ಮುಗಿಯುವಷ್ಟರಲ್ಲಿ ಎಡ ಮಣಿಕಟ್ಟೂ ಸೆಳೆಯತೊಡಗಿತು. ಹೆಂಡತಿಯ ಮುಖ ನೋಡಿದ. ತುಟಿ ಪಿಟಕ್ಕೆನ್ನದೆ ಮೂರನೆಯದನ್ನು ಎಳೆದುಕೊಂಡ.