ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ಕೆಲಸದ ಜಾಗದಲ್ಲಿ ಎಲ್ಲರೂ ಅವಳನ್ನು ಸೌಟಕ್ಕ ಎನ್ನುತ್ತಿದ್ದರು. ದೊಡ್ಡ ಕಚೇರಿಯೊಂದರ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಅವಳು ಮುಖ್ಯ ಅಡುಗೆಯವಳು. ಕೈಯಲ್ಲಿ ಸೌಟಿಲ್ಲದೆ ಅವಳನ್ನು ಕಂಡವರಿಲ್ಲ. ಯಾರಿಗಾದರೂ ಬೈಯುವಾಗಲೂ ಅದನ್ನೇ ಎತ್ತಿ ತೋರಿಸಿ ಬೈಯುತ್ತಿದ್ದಳು. ಆಳು ದಪ್ಪ. ಅಂಥಿಂಥ ದಪ್ಪವಲ್ಲ, ಉಗ್ರಾಣದ ಬಾಗಿಲಲ್ಲಿ ಅವಳು ನಿಂತರೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಅದರ ಬಗ್ಗೆ ಅವಳಿಗೆ ಬೇಸರವೇನೂ ಇರಲಿಲ್ಲ. "ನಾನೆಲ್ಲಿ ತಿಂತೀನಿ? ಗಾಳಿ ಕುಡಿದ್ರೂ ಮೈಗೆ ಹತ್ತುತ್ತೆ ನಂಗೆ," ಎನ್ನುತ್ತಿದ್ದಳು. ಅದು ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ. ಸೌಟಕ್ಕ ತಟ್ಟೆ ಮುಂದಿಟ್ಟುಕೊಂಡು ಕೂತದ್ದನ್ನು ಆ ಕ್ಯಾಂಟೀನಿನಲ್ಲಿ ಇದುವರೆಗೆ ಯಾರೂ ನೋಡಿರಲಿಲ್ಲ.

ಅವಳಿಗೆ ಒಬ್ಬನೇ ತಮ್ಮ. ಬೀಗ ರಿಪೇರಿಯವನು, ಮಾತುಗಾರ. ಎಳೆಯ ವಯಸ್ಸಿನಲ್ಲಿ ಮೈಯೊಳಗೆ ಹೊಕ್ಕ ವೈರಸ್ಸೊಂದು ಸದ್ದಿಲ್ಲದೆ ಅವನ ಲಿವರನ್ನು ತಿಂದುಹಾಕಿತ್ತು. ಒಂದು ಹನಿ ಕುಡಿದವನಲ್ಲ ಪಾಪ, ಆದರೂ ಬೀದಿಯವರೆಲ್ಲ ಕುಡುಕನೆಂದೇ ತೀರ್ಮಾನಿಸಿದ್ದರು. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ಬೀಗದ ಅಂಗಡಿಗೇ ಬೀಗ ಹಾಕಿದ ಮೇಲೆ ಡಾಕ್ಟರಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೇರೆಯವರ ಲಿವರಿನ ಒಂದು ಭಾಗ ಕತ್ತರಿಸಿ ಅವನಿಗೆ ಜೋಡಿಸಬೇಕು. ಕೊಟ್ಟವರಿಗೆ ಅದು ಮತ್ತೆ ಬೆಳೆಯುತ್ತದೆ. ಹೆಂಡತಿಯ ರಕ್ತ ಹೊಂದಲಿಲ್ಲ. ಹೊಂದಿದ್ದು ಅಕ್ಕನ ರಕ್ತ ಮಾತ್ರ.

"ತಗೊಳ್ಳಿ, ಈಗಲೇ ತಗೊಳ್ಳಿ," ಎಂದಳು ಸೌಟಕ್ಕ, ತರಕಾರಿ ಕೊಡುವವಳ ಹಾಗೆ.

ಡಾಕ್ಟರಮ್ಮ ತಲೆಯಾಡಿಸಿದರು. "ನಿಮ್ಮ ಲಿವರ್ ತುಂಬ ಕೊಬ್ಬಿದೆ. ಅದನ್ನ ಕತ್ತರಿಸಿದ್ರೆ ನಿಮಗೂ ಅಪಾಯ, ಅವರಿಗೂ ಉಪಯೋಗ ಇಲ್ಲ. ಮೂರು ತಿಂಗಳು ಟೈಮ್ ಇದೆ ಅಂದ್ಕೊಳ್ಳಿ. ಸರಿಯಾಗಿ ಊಟ ಮಾಡಿ, ದಿನಾ ನಡೀರಿ, ನಿಧಾನವಾಗಿ ತೂಕ ಇಳಿಸಿ. ಲಿವರ್ ತಾನೇ ಹಗುರಾಗುತ್ತೆ."

ಸೌಟಕ್ಕನಿಗೆ ಕೇಳಿಸಿದ್ದು ತೂಕ ಇಳಿಸಿ ಎಂಬುದೊಂದೇ. ಸರಿಯಾಗಿ ಊಟ ಮಾಡಿ ಎಂದದ್ದು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಯಿತು. ಮೊದಲೇ ತಿನ್ನದವಳು ಇನ್ನೇನು ಬಿಡಬೇಕು? ಇದ್ದ ಒಂದು ರಾತ್ರಿಯೂಟವನ್ನೂ ಬಿಟ್ಟಳು. ಬೆಳಿಗ್ಗೆ ಬರೀ ಟೀ. ಮನೆಗೆ ಬಂದು ನೀರು ಕುಡಿದು ಗೋಡೆ ಕಡೆ ತಿರುಗಿ ಮಲಗುವಳು. ಕೆನ್ನೆ ಇಳಿಯಿತು, ಕಣ್ಣಿನ ಕೆಳಗೆ ಕಪ್ಪು ಕಟ್ಟಿತು. ಯಾರಾದರೂ "ಸಣ್ಣ ಆಗಿದ್ದೀರಿ" ಎಂದರೆ ಉಬ್ಬಿಹೋಗುತ್ತಿದ್ದಳು. ಆಮೇಲೊಂದು ದಿನ ಕುದಿಯುವ ಹಂಡೆಯ ಪಕ್ಕದಲ್ಲೇ ಕಣ್ಣು ಕತ್ತಲೆ ಬಂತು. ಸಹಾಯಕ ಅಡುಗೆಯವನು ರಟ್ಟೆ ಹಿಡಿದು ಹಿಂದಕ್ಕೆ ಎಳೆದದ್ದರಿಂದ ಬದುಕಿಕೊಂಡಳು. ಎಲ್ಲದಕ್ಕೂ ಉಪ್ಪು ಜಾಸ್ತಿ ಸುರಿಯುವ ಅವನಿಗೆ ಉಪ್ಪಣ್ಣ ಎಂದು ಹೆಸರಿಟ್ಟವಳು ಅವಳೇ. ಅವನು ಅವಳನ್ನು ಎಳೆಯುವಾಗ ಅವನ ಕೈಯಿಡೀ ಸುಟ್ಟಿತ್ತು.

ಸ್ಕ್ಯಾನ್ ಮಾಡಿದರು. ಲಿವರ್ ಮೊದಲಿಗಿಂತ ಹಾಳಾಗಿತ್ತು.

"ಉಪವಾಸ ಬಿದ್ದಿದ್ದೀರಿ ಅಲ್ವಾ?" ಡಾಕ್ಟರಮ್ಮನ ದನಿ ಗಡುಸಾಗಿತ್ತು. "ಹೀಗೆ ದಿಢೀರ್ ಅಂತ ಇಳಿಸಿದ್ರೆ ಮೈ ಕೊಬ್ಬೆಲ್ಲ ಕರಗಿ ಲಿವರ್‌ಗೇ ಬಂದು ಕೂರುತ್ತೆ. ಮಾಂಸಖಂಡ ಹೋಗುತ್ತೆ, ಶಕ್ತಿ ಹೋಗುತ್ತೆ. ಈ ಸ್ಥಿತೀಲಿ ನಾನು ನಿಮ್ಮನ್ನ ಮುಟ್ಟೋದಿಲ್ಲ."

ಒಂದು ತಿಂಗಳು ನೀರಲ್ಲಿ ಹೋಮ ಮಾಡಿದ ಹಾಗಾಯಿತಲ್ಲ! ಆದರೆ ಅದರ ಬೆನ್ನಿಗೇ ಇನ್ನೊಂದಾಯಿತು, ಅದನ್ನೂ ಹೇಳಬೇಕು. ಮುಟ್ಟೋದಿಲ್ಲ ಎಂಬ ಮಾತು ಕೇಳಿದಾಗ ಅವಳ ಒಳಗೆಲ್ಲೋ ಬಿಗಿಹಿಡಿದಿದ್ದ ಉಸಿರೊಂದು ಸಡಿಲವಾಯಿತು. ಹೊಟ್ಟೆ ಸೀಳುವ ಚಾಕು ಒಂದಿಷ್ಟು ದೂರ ಸರಿಯಿತು. ಥೂ ನಿನ್ನ ಜನ್ಮಕ್ಕೆ, ಎಂದು ತನ್ನನ್ನೇ ಬೈದುಕೊಂಡು ಆಸ್ಪತ್ರೆಯಿಂದ ಹೊರಬಿದ್ದಳು.

ತಮ್ಮನ ಹೆಂಡತಿ ಇಸ್ತ್ರಿ ಅಂಗಡಿ ನಡೆಸುವವಳು. ಸಣಕಲು ಹೆಂಗಸು, ಮಾತು ಕಡಿಮೆ, ಮೂಗಿನ ತುದಿಯಲ್ಲೇ ಕೋಪ. ಸುದ್ದಿ ಕೇಳಿದ ಮರುದಿನ ಮಧ್ಯಾಹ್ನ ಅವಳು ಇಸ್ತ್ರಿಪೆಟ್ಟಿಗೆ ಆರಿಸಿ ನೆಟ್ಟಗೆ ಕ್ಯಾಂಟೀನಿಗೆ ಬಂದಳು. ಊಟ ಬಡಿಸುವ ಕಿಟಕಿಯ ಆಚೆ ನಿಂತು ಅಡುಗೆಮನೆಯನ್ನು ನೋಡತೊಡಗಿದಳು. ಸೌಟಕ್ಕ ಅವಳನ್ನು ಗಮನಿಸಲಿಲ್ಲ. ಬೇಳೆಯ ಹಂಡೆಯಿಂದ ಒಂದಿಷ್ಟು ಅಂಗೈಗೆ ಸುರಿದು ನೆಕ್ಕಿದಳು, ಉಪ್ಪು ಹಾಕಿದಳು, ಮತ್ತೆ ನೆಕ್ಕಿದಳು. ಕರಿದದ್ದರಲ್ಲಿ ಒಂದು ಬಿಲ್ಲೆ ಮುರಿದು ಗರಿಗರಿ ಇದೆಯೇ ನೋಡಿದಳು. ಮಾಂಸ ಬೆಂದಿದೆಯೇ ಎಂದು ಒಂದು ತುಂಡು. ಅನ್ನ ಹಿಸುಕಿ ಒಂದು ಚಿಟಿಕೆ. ಸಿಹಿಯ ಪಾತ್ರೆಯ ಅಂಚಿನಿಂದ ಒಂದು ಬೆರಳು, ಸಕ್ಕರೆ ಸಾಲದೆಂದು ಇನ್ನೊಂದು ಬೆರಳು. ಕೆನೆ ಹುಳಿಯಾಗಿಲ್ಲ ತಾನೇ ಎಂದು ಒಂದು ಚಮಚ.

"ತಿಂತಾನೇ ಇದ್ದೀರಲ್ಲ ಅಕ್ಕ!"

ಇಡೀ ಅಡುಗೆಮನೆ ತಿರುಗಿ ನೋಡಿತು. ಸೌಟಕ್ಕ ಸೌಟೆತ್ತಿದಳು. "ಯಾರು ತಿಂತಿದ್ದಾರೆ? ನಾಲಿಗೆ ಹಿಡಿತದಲ್ಲಿರ್ಲಿ. ರುಚಿ ನೋಡ್ತಿದ್ದೀನಿ. ಅದು ನನ್ನ ಕೆಲಸ!"

"ನಾನು ಬಂದಾಗಿನಿಂದ ನಿಮ್ಮ ಬಾಯಿ ಒಂದು ಗಳಿಗೆ ನಿಂತಿಲ್ಲ. ಅಲ್ಲಿ ಅವರು ದಿನದಿನಕ್ಕೆ ಹಳದಿ ಆಗ್ತಿದ್ದಾರೆ. ಕೊಡೋಕೆ ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳಿ, ಹೀಗೆ ನಾಟಕ ಆಡ್ಬೇಡಿ."

ಅಷ್ಟು ಹೇಳಿ ಹೊರಟೇಹೋದಳು. ಸೌಟಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಕೈಹಿಡಿದು ನಡೆಸಿ ಬೆಳೆಸಿದ ತಮ್ಮ ಅವನು. ಅವನ ಹೆಂಡತಿ ನಾಲ್ಕು ಜನರ ಎದುರಿಗೆ ಮಾನ ತೆಗೆದಿದ್ದಳು. ಸೌಟಕ್ಕ ಬಾಯಿಗೆ ಬಂದದ್ದನ್ನೆಲ್ಲ ಬೈದಳು. ಆದರೆ ಬೈಗುಳ ಮುಗಿದ ಮೇಲೂ ಆ ಮಾತು ಮುಳ್ಳಿನ ಹಾಗೆ ಉಳಿಯಿತು, ಏಕೆಂದರೆ ಅದರಲ್ಲಿ ಅರ್ಧ ಸುಳ್ಳಾದರೂ ಇನ್ನರ್ಧ ಸುಳ್ಳಾಗಿರಲಿಲ್ಲ.

ಮರುದಿನ ಅವಳೊಂದು ಕೆಲಸ ಮಾಡಿದಳು. ಒಲೆಯ ಪಕ್ಕ ಖಾಲಿ ಬೋಗುಣಿಯೊಂದನ್ನು ಇಟ್ಟುಕೊಂಡಳು. ರುಚಿ ನೋಡಲು ಕೈ ಹೋದಾಗಲೆಲ್ಲ ಅಷ್ಟೇ ಪ್ರಮಾಣವನ್ನು ಬಾಯಿಗೆ ಹಾಕದೆ ಅದರೊಳಗೆ ಹಾಕಿದಳು. ಇಸ್ತ್ರಿಯವಳ ಮುಖಕ್ಕೆ ಆ ಬೋಗುಣಿ ಹಿಡಿಯಬೇಕು, ನೋಡೇ ಇಷ್ಟೇ ಎನ್ನಬೇಕು, ಅದು ಅವಳ ಲೆಕ್ಕಾಚಾರ. ಮಧ್ಯಾಹ್ನದ ಬಡಿಸುವಿಕೆ ಇನ್ನೂ ಮುಗಿದಿರಲಿಲ್ಲ, ಬೋಗುಣಿ ತುಂಬಿಬಿಟ್ಟಿತು. ಬೇಳೆಯ ಮೇಲೆ ಕರಿದದ್ದು, ಅದರ ಮೇಲೆ ಮಾಂಸ, ಎಲ್ಲದರ ಮೇಲೆ ಎಣ್ಣೆ ತೇಲುತ್ತಿತ್ತು, ಅಂಚಿನಲ್ಲಿ ಸಿಹಿ ಕರಗಿ ಇಳಿಯುತ್ತಿತ್ತು. ಗೋದಾಮಿನಲ್ಲಿ ಮೂಟೆ ಹೊರುವವರೂ ಒಂದೇ ಸಲಕ್ಕೆ ಅಷ್ಟು ತಿನ್ನಲಾರರು. ಸೌಟಕ್ಕ ಅದನ್ನು ನೋಡುತ್ತ ನಿಂತಳು.

"ಇದು ಯಾರಿಗೆ ಅಕ್ಕ?" ಎಂದ ಉಪ್ಪಣ್ಣ, ಕೈಗೆ ಸುತ್ತಿದ ಬ್ಯಾಂಡೇಜು ಸರಿಮಾಡಿಕೊಳ್ಳುತ್ತ.

"ನಂಗೆ," ಎಂದಳು. "ಇಷ್ಟು ವರ್ಷ ದಿನಾ ನಂಗೇ."

ಆಮೇಲೆ ಅವಳು ಮಾಡಿದ್ದನ್ನು ಅಡುಗೆಯವರು ಮಾತ್ರ ಅರ್ಥಮಾಡಿಕೊಳ್ಳಬಲ್ಲರು. ರುಚಿ ನೋಡುವ ಚಮಚವನ್ನು ಉಪ್ಪಣ್ಣನ ಕೈಗೆ ಕೊಟ್ಟಳು. ಅಯ್ಯೋ ದೇವರೇ, ಉಪ್ಪಣ್ಣನ ಕೈಗೆ! ಮೊದಲ ವಾರ ಬೇಳೆ ಬಾಯಿಗಿಡುವಂತಿರಲಿಲ್ಲ, ಮೇಲಿನ ಮಹಡಿಗಳಿಂದ ದೂರಿನ ಮೇಲೆ ದೂರು. ಮ್ಯಾನೇಜರು ಬಂದು ಹಾರಾಡಿದ. ಸೌಟಕ್ಕ ಹಲ್ಲು ಕಚ್ಚಿಕೊಂಡು ನಿಂತಳು. ವಾಸನೆಯಿಂದ, ಕುದಿಯುವ ಸದ್ದಿನಿಂದ, ಅಳತೆಯ ಬಟ್ಟಲಿನಿಂದ ಅಡುಗೆ ಮಾಡುವುದನ್ನು ಹೊಸದಾಗಿ ಕಲಿತಳು. ಬೆರಳು ಅಭ್ಯಾಸಬಲದಿಂದ ಬಾಯಿಗೆ ಹೋದರೆ ತನ್ನ ಕೈಗೆ ತಾನೇ ಒಂದೇಟು ಹಾಕಿಕೊಳ್ಳುವಳು. ಜೊತೆಗೆ, ಎಲ್ಲರೂ ಬೆರಗಾಗುವಂತೆ, ಮೇಜಿನ ಮುಂದೆ ಕೂತು ತಟ್ಟೆಯಲ್ಲಿ ಉಂಡಳು. ಅರ್ಧ ತಟ್ಟೆ ತರಕಾರಿ, ಒಂದಿಷ್ಟು ಬೇಳೆ, ಬೇಯಿಸಿದ ಮೊಟ್ಟೆ, ಸ್ವಲ್ಪವೇ ಅನ್ನ. ಅಗಿದು, ನಿಧಾನವಾಗಿ. ಬೆಳಿಗ್ಗೆಯೂ ತಿಂದಳು, ಸಂಜೆಯೂ ತಿಂದಳು. ಹಸಿವೆಂದರೆ ಏನು, ಹೊಟ್ಟೆ ತುಂಬುವುದೆಂದರೆ ಏನು, ಇದೆಲ್ಲ ಅವಳಿಗೆ ಮರೆತೇಹೋಗಿತ್ತು.

ನಡಿಗೆ ಇನ್ನೊಂದು ಯಾತನೆ. ಅದಕ್ಕೆ ಅವಳನ್ನು ಹೊರಡಿಸಿದ್ದು ಇಸ್ತ್ರಿಯವಳು. ಬೋಗುಣಿಯ ಸಂಗತಿ ಹೇಗೋ ಅವಳ ಕಿವಿಗೆ ಬಿದ್ದಿತ್ತು. ಕ್ಷಮೆ ಗಿಮೆ ಏನೂ ಕೇಳಲಿಲ್ಲ, ಬೆಳಕು ಹರಿಯುವಾಗ ಬಂದು ಬಾಗಿಲು ಬಡಿದಳು. "ನಡೀರಿ." ಇಬ್ಬರೂ ಮುಖ ಊದಿಸಿಕೊಂಡೇ ನಡೆದರು. ಮುಚ್ಚಿದ ಅಂಗಡಿಗಳ ಸಾಲು ದಾಟಿ, ನೀರಿನ ಟ್ಯಾಂಕಿನ ಏರು ಹತ್ತಿ, ಹಿಂದಿನ ಓಣಿಯಿಂದ ಇಳಿದು ಮನೆಗೆ. ಏರಿನ ಅರ್ಧಕ್ಕೆ ಸೌಟಕ್ಕನ ಮಂಡಿ ಸಿಡಿಯುತ್ತಿತ್ತು, ಉಸಿರು ಕಮ್ಮಾರನ ತಿದಿಯಾಗುತ್ತಿತ್ತು. ಇಸ್ತ್ರಿಯವಳು ಕೈ ಕೊಡುತ್ತಿರಲಿಲ್ಲ, ನಿಂತು ಕಾಯುತ್ತಿದ್ದಳು ಅಷ್ಟೆ. ಪೊಲೀಸಮ್ಮ, ಎಂದುಕೊಳ್ಳುವಳು ಸೌಟಕ್ಕ. ಬಾಗಿಲು ಬಡಿದಾಗ ಕೆಲವು ದಿನ ಮಲಗಿಯೇ ಇರುವ ಆಸೆಯಾಗುತ್ತಿತ್ತು. ಮಂಡಿನೋವಿಗೆ ಹುಟ್ಟಿದ ಆಸೆಯಲ್ಲ ಅದು, ಭಯಕ್ಕೆ ಹುಟ್ಟಿದ್ದು. ನಡೆದಷ್ಟೂ ಲಿವರ್ ಹಗುರ, ಲಿವರ್ ಹಗುರಾದಷ್ಟೂ ಚಾಕು ಹತ್ತಿರ. ಆದರೂ ಎದ್ದು ಚಪ್ಪಲಿ ಮೆಟ್ಟುವಳು. ದಿನ ಕಳೆದಂತೆ ಏರು ಕುಗ್ಗುತ್ತ ಬಂತು, ಮಾತಾಡುತ್ತಲೇ ಹತ್ತುವಷ್ಟಾಯಿತು. ಆದರೆ ಮಾತಾಡಲು ಇಬ್ಬರಿಗೂ ಧೈರ್ಯವಿರಲಿಲ್ಲ, ಏಕೆಂದರೆ ಅತ್ತ ತಮ್ಮ ಆಸ್ಪತ್ರೆ ಸೇರಿಯಾಗಿತ್ತು.

ಅವನು ಈಗ ಜೋಕು ಮಾಡುತ್ತಿರಲಿಲ್ಲ. ಕೈ ನಡುಗುತ್ತಿತ್ತು. ಲಿವರಿನ ವಿಷ ತಲೆಗೇರಿ ಒಂದು ಸಂಜೆ ಅಕ್ಕನನ್ನು ನೋಡಿ "ಯಾರು?" ಎಂದ. ಸೌಟಕ್ಕ ಮನೆಗೆ ಬಂದು, ಇನ್ನು ಒಂದು ತುತ್ತೂ ಬೇಡ, ಉಪವಾಸವೇ ಬೇಗ, ಎಂದು ತಟ್ಟೆಯನ್ನು ಆಚೆ ನೂಕಿದಳು. ಮೊದಲ ಸ್ಕ್ಯಾನು ನೆನಪಾಯಿತು. ಆಮೇಲೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಅಳುತ್ತ, ಪ್ರತಿ ತುತ್ತನ್ನೂ ಅಗಿದು ನುಂಗಿದಳು. ಅವಸರದಲ್ಲಿರುವವರಿಗೆ ನಿಧಾನವಾಗಿ ತಿನ್ನುವಷ್ಟು ಕಷ್ಟ ಇನ್ನೊಂದಿಲ್ಲ.

ಎರಡನೆಯ ಸ್ಕ್ಯಾನಿನ ದಿನ ಡಾಕ್ಟರಮ್ಮ ಅವಳೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿದರು. ಇಸ್ತ್ರಿಯವಳು ಹೊರಗಿನ ಬೆಂಚಿನಲ್ಲಿ ಉಳಿದಳು.

"ಕೊಬ್ಬು ಇಳಿದಿದೆ. ಚೆನ್ನಾಗೇ ಇಳಿದಿದೆ. ತಗೋಬಹುದು," ಎಂದರು ಡಾಕ್ಟರಮ್ಮ. ಸೌಟಕ್ಕ ಕುರ್ಚಿಯ ಕೈ ಹಿಡಿದುಕೊಂಡಳು. "ಈಗ ಒಂದು ಮಾತು. ಇದನ್ನ ಕೊಡೋಕೆ ಬಂದೋರಿಗೆಲ್ಲ ಕೇಳ್ತೀವಿ. ಬೇಡ ಅನ್ನಿಸ್ತಿದ್ರೆ ಹೇಳಿಬಿಡಿ. ವೈದ್ಯಕೀಯ ಕಾರಣಕ್ಕೆ ಆಗಲ್ಲ ಅಂತಷ್ಟೇ ಹೊರಗೆ ಹೇಳ್ತೀನಿ. ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ. ನಿಮ್ಮ ತಮ್ಮನಿಗೂ, ಅವರ ಹೆಂಡತಿಗೂ."

ಹೀಗೊಂದು ಬಾಗಿಲು ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬೇಡ ಎಂದರೆ ಸಾಕು. ಹೊಟ್ಟೆ ಹರಿಯುವುದಿಲ್ಲ, ಅಪವಾದ ಬರುವುದಿಲ್ಲ, ಪಾಪ ಎಷ್ಟು ಕಷ್ಟಪಟ್ಟಳು ಎಂದೇ ಜನ ಹೇಳುತ್ತಾರೆ.

"ಭಯ ಆಗುತ್ತೆ ಡಾಕ್ಟರಮ್ಮ," ಎಂದಳು. "ಸತ್ತೋಗ್ತೀನೇನೋ ಅಂತ ಭಯ. ಮೊದಲ ದಿನದಿಂದಾನೂ."

"ಆಗ್ಲೇಬೇಕು. ಹಾಗಾದ್ರೆ ಬೇಡ್ವಾ?"

"ಬೇಡ ಅಂದೆನಾ ನಾನು?" ಸೌಟಕ್ಕನಿಗೆ ಸಿಟ್ಟೇ ಬಂತು. "ಭಯ ಆಗುತ್ತೆ ಅಂದೆ. ತಗೊಳ್ಳಿ."

ಆಪರೇಷನ್ ಒಂದು ಹಗಲೆಲ್ಲ ನಡೆಯಿತು. ತಮ್ಮನ ಸ್ಥಿತಿ ಎರಡು ದಿನ ಅತ್ತೋ ಇತ್ತೋ ಎಂಬಂತಿತ್ತು. ಮೂರನೆಯ ದಿನ ಅವನು ಕಣ್ಣು ಬಿಟ್ಟು ನರ್ಸನ್ನು ಕೇಳಿದ ಮೊದಲ ಪ್ರಶ್ನೆ, "ಅಕ್ಕನ ತುಂಡು ಹಾಕಿದ್ದೀರಲ್ಲ, ಇನ್ಮೇಲೆ ನಾನೂ ಎಲ್ಲರಿಗೂ ಬೈತೀನಾ?" ಅವನು ಉಳಿದುಕೊಂಡ ಎಂದು ಇಸ್ತ್ರಿಯವಳಿಗೆ ಆಗ ಖಾತ್ರಿಯಾಯಿತು.

ಸೌಟಕ್ಕನನ್ನೂ ಎಬ್ಬಿಸಿ ನಡೆಸಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಇಸ್ತ್ರಿಯವಳು ಬಂದು ಮಂಚದ ಪಕ್ಕ ನಿಂತಳು. ಈ ಸಲ ಕೈ ಕೊಟ್ಟಳು. ಇಬ್ಬರೂ ವಾರ್ಡಿನ ಉದ್ದಕ್ಕೂ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೊರಟರು. ಹೊಲಿಗೆ ಎಳೆಯುತ್ತಿತ್ತು, ಸೌಟಕ್ಕ ಹಲ್ಲು ಬಿಗಿಹಿಡಿದಿದ್ದಳು. ಕಿಟಕಿಯ ಹತ್ತಿರ ನಿಂತಾಗ, ಇನ್ನು ತಡೆಯಲಾರದೆ, ಹೇಳಿಯೇಬಿಟ್ಟಳು.

"ನಾನು ಉಪವಾಸ ಬಿದ್ದಾಗ ಮುಟ್ಟೋದಿಲ್ಲ ಅಂದ್ರಲ್ಲ ಡಾಕ್ಟರಮ್ಮ, ಆಗ ನಂಗೆ ಸಮಾಧಾನ ಆಗಿತ್ತು ಕಣೇ. ಅವನು ಸಾಯ್ತಾನೆ ಅಂತ ಗೊತ್ತಿದ್ರೂ. ನೀನು ಅವತ್ತು ಕ್ಯಾಂಟೀನಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ."

ಇಸ್ತ್ರಿಯವಳು ಅವಳ ಕೈ ಬಿಡಲಿಲ್ಲ.

"ಗೊತ್ತಿತ್ತು ಅಕ್ಕ. ಅದಕ್ಕೇ ಅಲ್ವಾ ನಾನು ದಿನಾ ಬಂದು ಬಾಗಿಲು ಬಡೀತಿದ್ದದ್ದು," ಎಂದಳು. "ಬಡಿದ ಮೇಲೆ ಒಳಗಿಂದ ಸದ್ದು ಬರೋವರೆಗೂ ನನ್ನ ಜೀವ ಬಾಯಲ್ಲಿರೋದು. ಇವತ್ತು ತೆಗೆಯಲ್ಲ, ಇವತ್ತು ತೆಗೆಯಲ್ಲ ಅಂತ. ನೀವು ಒಂದು ದಿನಾನೂ ತೆಗೀದೆ ಇರ್ಲಿಲ್ಲ."